‘ಭಜನಿ 47’ ಯಾರ ಆಸ್ತಿ?

ಹಳ್ಳಿಖೇಡ (ಬಿ) ಬಸ್ ಸ್ಟ್ಯಾಂಡಿನ ಎದುರು ಒಂದು ಮೊಬೈಲ್ ಅಂಗಡಿ ಇತ್ತು. ಒಬ್ಬ ಕೂತರೆ ಇನ್ನೊಬ್ಬ ನಿಂತೇ ಇರಬೇಕಾದಷ್ಟು ಜಾಗ. ಒಳಗೆ ಒಂದು ಹಳೆಯ ಕಂಪ್ಯೂಟರು, ಒಂದು ಕಾರ್ಡ್ ರೀಡರು, ಗೋಡೆ ತುಂಬ ನೇತಾಡುವ ಮೊಬೈಲ್ ಕವರುಗಳು. 2 ಜಿಬಿ ಮೆಮೊರಿ ಕಾರ್ಡ್ ಕೊಟ್ಟು 20 ರೂಪಾಯಿ ಕೈಗಿಟ್ಟರೆ ಅರ್ಧ ತಾಸಿನಲ್ಲಿ ಹಾಡು ತುಂಬಿಸಿ ಕೊಡುತ್ತಿದ್ದ. ಪರದೆಯ ಮೇಲೆ ಫೋಲ್ಡರುಗಳ ಸಾಲು: ರಾಜಕುಮಾರ್ ಹಳೇದು, ಹಿಂದಿ ಸ್ಯಾಡ್, ಮರಾಠಿ ಲಾವಣಿ, ಕವ್ವಾಲಿ, ಮೊಹರಂ ಪದ, ಭಜನಿ ಪದ. ಕಬ್ಬಿನ ಹಂಗಾಮು ಬಂತೆಂದರೆ ಅವನಿಗೂ ಸುಗ್ಗಿ. ಊರಿನ ಸಕ್ಕರೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸಾಲುಗಟ್ಟಿ ನಿಲ್ಲುತ್ತಿದ್ದವು. ಪಾಳಿ ಬರುವವರೆಗೆ ಡ್ರೈವರುಗಳಿಗೆ ಹಾಡೇ ಗತಿ.

2011ರಲ್ಲಿ ನಾನು ಎಂಟನೇ ಇಯತ್ತೆ. ಮುತ್ಯಾ ತನ್ನ ಚೀನಾ ಮೊಬೈಲಿನ ಕಾರ್ಡ್ ಕೊಟ್ಟು, “ಚಲೋ ಭಜನಿ ಪದ ಹಾಕಿಸ್ಕೊಂಡ್ ಬಾ” ಎಂದು ಕಳಿಸಿದ್ದ. ತಂದುಕೊಟ್ಟೆ. ಸಂಜೆ ಕಟ್ಟೆಯ ಮೇಲೆ ಕೂತು ಒಂದೊಂದೇ ಕೇಳುತ್ತ ಹೋದವನು ಒಂದು ಪದ ಶುರುವಾದೊಡನೆ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟ. “ಇದು ನಮ್ ಮ್ಯಾಳದ್ದೇ ಅದ.” ಆಯಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. “ಆಗ ನಿಮ್ ದನಿ ಹ್ಯಾಂಗಿತ್ತು ನೋಡ್ರಿ” ಎಂದಳು. ಫೈಲಿನ ಹೆಸರು ‘ಭಜನಿ 47’ ಎಂದಿತ್ತು. ಹಾಡಿದವರ ಹೆಸರಿಲ್ಲ, ಊರಿಲ್ಲ.

ಅದರ ಹಿಂದಿನ ಕತೆ ಇಷ್ಟು. 1993ರಲ್ಲಿ ಮುತ್ಯಾನ ಭಜನೆ ಮೇಳದ ಆರು ಜನ ಬಸ್ಸು ಹತ್ತಿ ದೊಡ್ಡ ಊರಿನ ಸ್ಟುಡಿಯೋಕ್ಕೆ ಹೋಗಿ ಒಂದು ಕ್ಯಾಸೆಟ್ ಹಾಡಿ ಬಂದಿದ್ದರು. ಕಂಪನಿ ಆರು ಜನಕ್ಕೂ ಸೇರಿ 700 ರೂಪಾಯಿ, 10 ಕ್ಯಾಸೆಟ್ ಕೊಟ್ಟಿತು. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿತು. ಅದರಲ್ಲಿ ಏನು ಬರೆದಿತ್ತೆಂದು ಆರರಲ್ಲಿ ಒಬ್ಬರೂ ಓದಲಿಲ್ಲ. ಇಬ್ಬರಿಗೆ ಓದಲು ಬರುತ್ತಿರಲಿಲ್ಲ, ಉಳಿದ ನಾಲ್ವರಿಗೆ ಓದಬೇಕೆನಿಸಲಿಲ್ಲ. ನಮ್ಮ ಮನೆಯ ಪ್ರತಿಯ ರೀಲು ಟೇಪ್ ರೆಕಾರ್ಡರಿನ ಬಾಯಿಗೆ ಸಿಕ್ಕಿ ಹಾಳಾಯಿತು. ಆ ಕಂಪನಿ ಮುಚ್ಚಿತು. ಹದಿನೆಂಟು ವರ್ಷದ ನಂತರ ಮುತ್ಯಾನ ದನಿ ಅವನಿಗೆ ವಾಪಸು ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಎದುರಿನ ‘ಕಳ್ಳ’ನಿಂದ.

ಆ ಹುಡುಗ ಕಳ್ಳ ಎಂದು ನಾನು ಹೇಳುತ್ತಿಲ್ಲ, ಕಾಯ್ದೆ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಕಲಂ 63ರ ಪ್ರಕಾರ ಅವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಕರ್ನಾಟಕಕ್ಕೆ ಅದೂ ಸಾಲಲಿಲ್ಲ. ನಾವೆಲ್ಲ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ರಾಜ್ಯ ಕಾಯ್ದೆಯ ಪೂರ್ಣ ಹೆಸರನ್ನು ಒಮ್ಮೆ ಓದಿ ನೋಡಬೇಕು. ಕಳ್ಳಭಟ್ಟಿಯವರು, ಮಾದಕವಸ್ತು ಮಾರುವವರು, ಜೂಜುಕೋರರು, ಗೂಂಡಾಗಳು ಎಂದು ಸಾಗುವ ಆ ಉದ್ದದ ಹೆಸರು ಕೊನೆಗೆ ಮುಟ್ಟುವುದು ‘ವಿಡಿಯೋ ಅಥವಾ ಆಡಿಯೋ ಪೈರೇಟ್’ಗಳಿಗೆ. 2014ರ ತಿದ್ದುಪಡಿಯಲ್ಲಿ ಆಸಿಡ್ ಎರಚುವವರು, ಲೈಂಗಿಕ ಅಪರಾಧಿಗಳು ಸೇರಿದರು. ಅವರ ಜೊತೆಗೇ ‘ಡಿಜಿಟಲ್ ಅಪರಾಧಿ’ ಎಂಬ ಹೊಸ ಜಾತಿಯೂ ಸೇರಿತು. ವ್ಯಾಪಾರಕ್ಕಾಗಿ ಗೊತ್ತಿದ್ದೂ ಕೃತಿಸ್ವಾಮ್ಯ ಮುರಿಯುವವನು ಈ ಜಾತಿಯವನು. 20 ರೂಪಾಯಿಯೂ ವ್ಯಾಪಾರವೇ. ಇದು ಮುಂಜಾಗ್ರತಾ ಬಂಧನದ ಕಾಯ್ದೆ ಎಂಬುದನ್ನು ಮರೆಯಬೇಡಿ. ಅಪರಾಧ ಸಾಬೀತಾಗಬೇಕಿಲ್ಲ, ಮುಂದೆ ಮಾಡಿಯಾನು ಎಂಬ ಅನುಮಾನ ಸಾಕು, 12 ತಿಂಗಳವರೆಗೆ ಒಳಗಿಡಬಹುದು. ಒಬ್ಬ ಹೆಣ್ಣುಮಗಳ ಮುಖಕ್ಕೆ ಆಸಿಡ್ ಎರಚುವವನನ್ನೂ ಮುತ್ಯಾನ ಭಜನೆ ಪದವನ್ನು ಕಾರ್ಡಿಗೆ ಹಾಕಿಕೊಟ್ಟವನನ್ನೂ ಒಂದೇ ಉಸಿರಿನಲ್ಲಿ ಹೆಸರಿಸುವ ಕಾಯ್ದೆ ಬರೆದವರ ತಲೆಯಲ್ಲಿ ‘ಸಮಾಜಕ್ಕೆ ಅಪಾಯ’ ಎಂದರೆ ಏನೆಂಬ ಕಲ್ಪನೆ ಇತ್ತು?

ಸಂಗೀತ ಉದ್ಯಮದ ಉತ್ತರ ಎಲ್ಲ ಕಡೆಯೂ ಹೀಗೇ, ಅಳತೆ ತಪ್ಪಿದ್ದು. ಅಮೆರಿಕದಲ್ಲಿ ನ್ಯಾಪ್‌ಸ್ಟರ್ ಮುಚ್ಚಿಸಿದ ಮೇಲೂ ಜನ ಹಾಡು ಹಂಚಿಕೊಳ್ಳುವುದು ನಿಲ್ಲದಾಗ, 2003ರಿಂದ ಕಂಪನಿಗಳ ಸಂಘ ಕೇಳುಗರ ಮೇಲೆಯೇ ಸಾವಿರಾರು ದಾವೆ ಹೂಡಿತು. ನ್ಯೂಯಾರ್ಕಿನ 12 ವರ್ಷದ ಹುಡುಗಿಯೊಬ್ಬಳ ತಾಯಿ 2,000 ಡಾಲರ್ ಕೊಟ್ಟು ರಾಜಿಯಾದಳು. ಮಿನ್ನೆಸೋಟದ ಒಬ್ಬ ಹೆಂಗಸು 24 ಹಾಡುಗಳಿಗಾಗಿ 19 ಲಕ್ಷ 20 ಸಾವಿರ ಡಾಲರ್ ಕೊಡಬೇಕೆಂದು 2009ರಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. ಮೇಲ್ಮನವಿಗಳೆಲ್ಲ ಮುಗಿದ ಮೇಲೆ ಅದು 2,22,000 ಡಾಲರಿಗೆ ನಿಂತಿತು. ನಮ್ಮಲ್ಲಿ 2012ರಲ್ಲಿ ಭಾರತೀಯ ಸಂಗೀತ ಉದ್ಯಮದ ಸಂಘ ಕಲ್ಕತ್ತಾ ಹೈಕೋರ್ಟಿನಿಂದ ಆದೇಶ ತಂದು 104 ಜಾಲತಾಣಗಳನ್ನು ಒಟ್ಟಿಗೆ ಮುಚ್ಚಿಸಿತು. ಬೆಂಗಳೂರಿನ ಉದಾಹರಣೆ ಇನ್ನೂ ಹತ್ತಿರದ್ದು. 2022ರ ನವೆಂಬರಿನಲ್ಲಿ ಭಾರತ್ ಜೋಡೋ ಯಾತ್ರೆಯ ವಿಡಿಯೋದಲ್ಲಿ ಕೆಜಿಎಫ್-2ರ ಹಾಡಿನ ತುಣುಕು ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಿತು. ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತು. ಮರುದಿನವೇ ಹೈಕೋರ್ಟ್, ಆ ತುಣುಕನ್ನು ತೆಗೆಯಬೇಕೆಂಬ ಷರತ್ತಿನೊಡನೆ ಆ ಆದೇಶವನ್ನು ರದ್ದುಮಾಡಿತು. ನನಗೆ ಆ ಪಕ್ಷದ ಮೇಲೆ ವಿಶೇಷ ಮಮತೆ ಏನಿಲ್ಲ. ಒಂದು ತುಣುಕಿಗಾಗಿ ಒಂದು ರಾಷ್ಟ್ರೀಯ ಪಕ್ಷದ ಬಾಯಿ ಕಟ್ಟಬಹುದು ಎಂದು ಒಂದು ನ್ಯಾಯಾಲಯಕ್ಕೆ ಅನ್ನಿಸುವ ಮಟ್ಟಿಗೆ ‘ಹಾಡಿನ ಒಡೆತನ’ ಬೆಳೆದು ನಿಂತಿದೆಯಲ್ಲ, ನನ್ನ ತಕರಾರು ಅಲ್ಲಿದೆ. ಆ ಪಕ್ಷಕ್ಕೆ ಮರುದಿನ ಹೈಕೋರ್ಟು ಸಿಕ್ಕಿತು. ಹಳ್ಳಿಖೇಡದ ಅಂಗಡಿಯವನಿಗೆ ಸಿಗುತ್ತದೆಯೇ?

ಈ ಕಂಪನಿಗಳು ಬೆಳೆದ ಬಗೆಯನ್ನೂ ಹೇಳಬೇಕು. ಕ್ಯಾಸೆಟ್ ಬರುವವರೆಗೆ ಈ ದೇಶದ ಧ್ವನಿಮುದ್ರಣ ಎಂದರೆ ಬಹುಮಟ್ಟಿಗೆ ಒಂದೇ ಗ್ರಾಮಫೋನ್ ಕಂಪನಿ, ಅದರ ಎಚ್‌ಎಂವಿ ನಾಯಿ. ಗವಾಯಿಗಳ ದನಿ ಅದರೊಳಗೆ ಹೋಯಿತು, ಸಿನಿಮಾ ಹೋಯಿತು. ಭಜನೆ ಮೇಳಗಳಿಗೆ, ಚೌಡಕಿ ಪದದವರಿಗೆ, ರಿವಾಯತ್ ಹಾಡುವವರಿಗೆ ಅಲ್ಲಿ ಬಾಗಿಲು ತೆರೆದದ್ದು ಕಡಿಮೆ. 80ರ ದಶಕದಲ್ಲಿ ಕ್ಯಾಸೆಟ್ ಅಗ್ಗವಾದ ಮೇಲೆ ಊರೂರಿಗೆ ಸಣ್ಣ ಕಂಪನಿಗಳು ಹುಟ್ಟಿ ಸ್ಥಳೀಯ ಭಾಷೆ, ಸ್ಥಳೀಯ ಪದಗಳಿಗೆ ಮಾರುಕಟ್ಟೆ ಸಿಕ್ಕಿತು. ಪೀಟರ್ ಮ್ಯಾನ್ಯುಯೆಲ್ 1993ರಲ್ಲಿ ಬರೆದ ‘ಕ್ಯಾಸೆಟ್ ಕಲ್ಚರ್’ ಉತ್ತರ ಭಾರತದ ಮಟ್ಟಿಗೆ ಈ ಕತೆಯನ್ನು ಹೇಳುತ್ತದೆ. ನಮ್ಮ ಬೀದರ್–ಕಲಬುರಗಿ ಭಾಗಕ್ಕೆ ಅದನ್ನು ಬರೆಯಬೇಕೆಂದು ನನ್ನ ಪಿಎಚ್‌ಡಿ. (ಅಧ್ಯಾಯ ಎರಡಕ್ಕೆ ನಿಂತು ಒಂದು ವರ್ಷವಾಯಿತು, ಅದು ಬೇರೆ ಮಾತು.) ಆ ಕಾಲದ ದೊಡ್ಡ ಗೆಲುವು ಟಿ-ಸೀರೀಸಿನದು. ಬೇರೆ ಕಂಪನಿಯ ಜನಪ್ರಿಯ ಹಾಡುಗಳನ್ನು ಹೊಸ ಗಾಯಕರಿಂದ ಹಾಡಿಸಿ ‘ವರ್ಷನ್’ ಕ್ಯಾಸೆಟ್ ಎಂದು ಕಡಿಮೆ ಬೆಲೆಗೆ ಮಾರಿ ಅದು ಬೆಳೆಯಿತು. ಕಾಯ್ದೆಯ 52(1)(ಜೆ) ಕಲಂ ಅದಕ್ಕೆ ಸಂದು ಬಿಟ್ಟಿತ್ತು. ಅದೇ ಕಂಪನಿ ಮುಂದೆ, ತನ್ನ ಹಾಡುಗಳನ್ನು ಬಳಕೆದಾರರು ಏರಿಸುತ್ತಿದ್ದಾರೆಂದು ಮೈಸ್ಪೇಸ್ ಮೇಲೆ ದೆಹಲಿ ಹೈಕೋರ್ಟಿಗೆ ಹೋಯಿತು. ಏಣಿ ಹತ್ತಿದ ಮೇಲೆ ಏಣಿ ಎಳೆದುಕೊಳ್ಳುವುದು ಎಂದರೆ ಇದು.

ಇನ್ನು ನನ್ನದೇ ಸಂಗತಿ. ಮುತ್ಯಾ ತೀರಿಕೊಂಡದ್ದು 2017ರಲ್ಲಿ. 2023ರಲ್ಲಿ ಅವನ ಕಾರ್ಡಿನಿಂದ ‘ಭಜನಿ 47’ ತೆಗೆದು, ಮೇಳದ ಆರು ಜನರ ಹೆಸರು, ಊರು, ಯಾರು ಏನು ನುಡಿಸಿದರು ಎಂಬುದನ್ನೆಲ್ಲ ಬರೆದು ಒಂದು ವಿಡಿಯೋ ತಾಣಕ್ಕೆ ಏರಿಸಿದೆ. ಆ ಹಾಡಿಗೆ ಆರು ಹೆಸರು ಅಂಟಿದ್ದು ಅದೇ ಮೊದಲು. ಎರಡು ದಿನದಲ್ಲಿ ನೋಟಿಸು ಬಂತು. ಈ ಧ್ವನಿಮುದ್ರಣ ಇಂಥ ಕಂಪನಿಯದು, ನಿಮ್ಮದಲ್ಲ. ಕಂಪನಿಯ ಹೆಸರು ನಾನು ಎಂದೂ ಕೇಳಿರಲಿಲ್ಲ. ಆಕ್ಷೇಪಣೆ ಸಲ್ಲಿಸಿದೆ. ಕೆಲವು ದಿನ ಬಿಟ್ಟು ‘ಪರಿಶೀಲಿಸಿ ತಿರಸ್ಕರಿಸಲಾಗಿದೆ’ ಎಂದು ಒಂದು ಸಾಲು ಬಂತು. ಮತ್ತೆ ಕೇಳಿದರೆ ನನ್ನ ಚಾನೆಲ್ಲೇ ಹೋಗಬಹುದು ಎಂಬ ಎಚ್ಚರಿಕೆಯೂ ಇತ್ತು. ಅದರಲ್ಲಿ ಬೇರೆ ಮೂವತ್ತು ಸಂದರ್ಶನಗಳಿದ್ದವು. ಹೆದರಿ ತೆಗೆದೆ.

ಆಮೇಲೆ ಸಿಟ್ಟಿಗೆ ಆ ಕಂಪನಿಯ ಹಾಡುಗಳನ್ನು ಒಂದು ಸ್ಟ್ರೀಮಿಂಗ್ ಆ್ಯಪಿನಲ್ಲಿ ಹುಡುಕಿದೆ. ಸಿಕ್ಕಿತು. ಹಾಡಿದವರು: ‘ವಿವಿಧ ಕಲಾವಿದರು’. ಮೂಲ ಮಾಸ್ಟರ್ ಟೇಪು ಇವರ ಬಳಿ ಇದ್ದರೆ ಶುದ್ಧವಾದ ಪ್ರತಿ ಕೇಳಬಹುದಲ್ಲ ಎಂಬ ಆಸೆಯಿಂದ ಇಯರ್‌ಫೋನ್ ಹಾಕಿಕೊಂಡು ಕೂತೆ. ಮೂರನೇ ನುಡಿಯಲ್ಲಿ ರೀಲು ಸುಕ್ಕಾಗಿ ಅರ್ಧ ಸಾಲು ನುಂಗಿಹೋಗುವ ಜಾಗ ನನಗೆ ಬಾಯಿಪಾಠ. ಅಲ್ಲೇ, ಅಷ್ಟೇ, ನುಂಗಿಹೋಯಿತು. ಅದಾದ ಮೇಲೆ ಒಂದು ಸೀಟಿ ಬರುತ್ತದೆ, ಬಸ್ಸು ಬಿಡುವಾಗ ಕಂಡಕ್ಟರ್ ಊದುವ ಸೀಟಿ. ಅಂಗಡಿಯ ಹುಡುಗ ಯಾರದೋ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ, ಕಂಪ್ಯೂಟರಿನ ಮೈಕು ಅದರ ಮುಂದಿಟ್ಟು ತುಂಬಿಸಿಕೊಂಡಿದ್ದ, ಹೊರಗೆ ಬಸ್ಸು ಹೊರಟಿತ್ತು. ಆ ಸೀಟಿಯೂ ಕಂಪನಿಯ ‘ಮೂಲ’ದಲ್ಲಿ ಇದೆ. 1993ರ ಸ್ಟುಡಿಯೋದೊಳಗೆ ಹಳ್ಳಿಖೇಡದ ಬಸ್ಸು ಹೇಗೆ ಹೊಕ್ಕಿತೋ ಅವರೇ ಹೇಳಬೇಕು.

ಅಂದರೆ ಹಳೆಯ ಕಂಪನಿಯ ಪಟ್ಟಿಯನ್ನು ಕೊಂಡವರು ಕೊಂಡದ್ದು ಬರೀ ಕಾಗದ. ಹಾಡು ಅವರ ಬಳಿ ಇರಲಿಲ್ಲ. ಅದನ್ನು ಅವರು ಪೈರಸಿಯಿಂದಲೇ ಎತ್ತಿಕೊಂಡು, ತಮ್ಮದೆಂದು ನೋಂದಾಯಿಸಿ, ಆ ಕಳ್ಳಪ್ರತಿಯನ್ನೇ ಸಾಕ್ಷಿಯಾಗಿಟ್ಟು ಹಾಡಿದವನ ಮೊಮ್ಮಗನನ್ನು ಕಳ್ಳ ಎಂದರು.

ಮೇಲ್ ಕಳಿಸಿ ಕೇಳಿದೆ. ನಿಮ್ಮ ಹತ್ತಿರ ಮಾಸ್ಟರ್ ಟೇಪು ಇದೆಯೇ, ಒಪ್ಪಂದದ ಪ್ರತಿ ಇದೆಯೇ, ಕೊನೆಗೆ ಆರು ಹೆಸರನ್ನಾದರೂ ಹಾಕುತ್ತೀರಾ? ಉತ್ತರವಿಲ್ಲ.

ಇಲ್ಲಿ ಓದುಗರು ಒಂದು ಮಾತು ಗಮನಿಸಬೇಕು. ಕಾಯ್ದೆಯ ಪ್ರಕಾರ ಆ ಕಂಪನಿ ಸರಿಯೇ ಇರಬಹುದು. ಪದ ಬರೆದವರು ಕಡಕೋಳ ಮಡಿವಾಳಪ್ಪನ ಪರಂಪರೆಯವರು, ತೀರಿಹೋಗಿ ನೂರು ವರ್ಷ ದಾಟಿದೆ. ಮಟ್ಟು ಊರಿನದು. ಉಳಿಯುವುದು ಧ್ವನಿಮುದ್ರಣದ ಹಕ್ಕು ಮಾತ್ರ. ಧ್ವನಿಮುದ್ರಣದ ‘ಕರ್ತೃ’ ಯಾರು ಎಂದರೆ ನಮ್ಮ ಕಾಯ್ದೆ ಕೊಡುವ ಉತ್ತರ: ನಿರ್ಮಾಪಕ. ಹಾಡಿದವನಲ್ಲ, ಪೇಟಿ ನುಡಿಸಿದವನಲ್ಲ, ದಮ್ಮಡಿ ಬಾರಿಸಿದವನಲ್ಲ. ದುಡ್ಡು ಹಾಕಿ ಯಂತ್ರ ಒತ್ತಿಸಿದವನು ಕರ್ತೃ. ಕ್ಯಾಸೆಟ್ ಮೇಲೆ ಏನೇನು ಅಚ್ಚಾಗಿರಬೇಕೆಂದು ಕಲಂ 52ಎ ಪಟ್ಟಿ ಕೊಡುತ್ತದೆ. ಮುದ್ರಿಸಿಕೊಂಡವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ. ಹಾಡಿದವರ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಹಾಡುಗಾರನಿಗೂ ಒಂದು ಹಕ್ಕಿದೆ ಎಂಬುದು ನಮ್ಮ ಕಾಯ್ದೆಗೆ ಹೊಳೆದದ್ದೇ 1994ರ ತಿದ್ದುಪಡಿಯಲ್ಲಿ. ಅವನಿಗೆ ರಾಯಲ್ಟಿ, ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕು ಬಂದದ್ದು 2012ರಲ್ಲಿ, ಜಾವೇದ್ ಅಖ್ತರ್ ಅಂಥವರು ಹೋರಾಡಿದ ಮೇಲೆ. ಮುತ್ಯಾ ಹಾಡಿದ್ದು 1993ರಲ್ಲಿ. ಹಾಡುಗಾರನ ಹಕ್ಕು ಅವನಿಗೆ ಒಂದು ವರ್ಷ ತಡವಾಯಿತು, ಕಂಪನಿಯ ಹಕ್ಕು ಮಾತ್ರ ಪ್ರಕಟವಾದ ಮರುವರ್ಷದಿಂದ ಪೂರ್ತಿ 60 ವರ್ಷ. ‘ಭಜನಿ 47’ ಎಲ್ಲರ ಸ್ವತ್ತಾಗುವುದು 2054ರ ಜನವರಿ 1ರಂದು. ಅಷ್ಟು ದಿನ ಯಾವ ಕ್ಯಾಸೆಟ್ಟಿನ ರೀಲು ಬಾಳುತ್ತದೆ? ನಮ್ಮೂರಿನ ಧೂಳಿಗೆ, ಬೇಸಿಗೆಗೆ ಅದು ಇಪ್ಪತ್ತು ವರ್ಷವೂ ತಡೆಯುವುದಿಲ್ಲ.

ಕಂಪನಿಗಳು ತಮ್ಮ ಹಾಡನ್ನು ತಾವೇ ಕಾಪಾಡಿಕೊಳ್ಳುತ್ತವೆ, ನೀವೇಕೆ ಚಿಂತಿಸುತ್ತೀರಿ ಎಂದು ಒಬ್ಬ ಹಿರಿಯರು ಸೆಮಿನಾರಿನಲ್ಲಿ ಕೇಳಿದರು. ಲೆಕ್ಕ ಬೇರೆಯೇ ಹೇಳುತ್ತದೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗಾಗಿ ಟಿಮ್ ಬ್ರೂಕ್ಸ್ 2005ರಲ್ಲಿ ಮಾಡಿದ ಸಮೀಕ್ಷೆ, 1890ರಿಂದ 1964ರವರೆಗಿನ ಹಕ್ಕು ಉಳಿದಿರುವ ಮಹತ್ವದ ಧ್ವನಿಮುದ್ರಣಗಳಲ್ಲಿ ಹಕ್ಕುದಾರ ಕಂಪನಿಗಳು ಜನರಿಗೆ ಸಿಗುವಂತೆ ಇಟ್ಟಿರುವುದು ನೂರಕ್ಕೆ 14 ಮಾತ್ರ ಎಂದಿತು. ಹಕ್ಕಿಲ್ಲದ ಇತರರು ಹೊರತಂದದ್ದು ನೂರಕ್ಕೆ 22. ಹಕ್ಕಿದ್ದವರಿಗಿಂತ ಹಕ್ಕಿಲ್ಲದವರೇ ಹೆಚ್ಚು ಉಳಿಸಿದ್ದಾರೆ, ಅದೂ ದುಡ್ಡಿಗೆ ಕೊರತೆಯಿಲ್ಲದ ದೇಶದಲ್ಲಿ. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಆವರಣದಲ್ಲಿ ಬೆಂಕಿ ಬಿದ್ದು ಅಪಾರ ಮಾಸ್ಟರ್ ಟೇಪುಗಳು ಸುಟ್ಟದ್ದು ಜಗತ್ತಿಗೆ ಸರಿಯಾಗಿ ತಿಳಿದದ್ದು 2019ರಲ್ಲಿ, ನ್ಯೂಯಾರ್ಕ್ ಟೈಮ್ಸ್ ಬರೆದಾಗ. ಅಲ್ಲೇ ಹೀಗಾದರೆ ದೊಡ್ಡ ಊರಿನ ಸಂದಿಯ ಸ್ಟುಡಿಯೋದಲ್ಲಿ ಮುದ್ರಿಸಿದ ಭಜನೆ ಪದದ ಗತಿ ಏನು? ಖರ್ಚು ಉಳಿಸಲು ಅದೇ ರೀಲಿನ ಮೇಲೆ ಇನ್ನೊಂದು ಹಾಡು ಮುದ್ರಿಸಿರುತ್ತಾರೆ. ಕ್ಷೇತ್ರಕಾರ್ಯದಲ್ಲಿ ನಾನು ಭೇಟಿಯಾದ ಒಬ್ಬ ಹಳೆಯ ಧ್ವನಿಮುದ್ರಕರು ಇದನ್ನು ಹೆಮ್ಮೆಯಿಂದಲೇ ಹೇಳಿದರು.

ತತ್ವಪದಗಳ ಸಾಹಿತ್ಯಕ್ಕೆ ಈ ದುರ್ಗತಿ ಬರಲಿಲ್ಲ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಅವನ್ನು ಸಂಪುಟಗಳಾಗಿ ತಂದಿದೆ. ಒಳ್ಳೆಯ ಕೆಲಸ. ಆದರೆ ಪುಸ್ತಕದ ಮೇಲೆ ಬಂದದ್ದು ಪದ, ದನಿ ಅಲ್ಲ. ಯಾವ ನುಡಿಯಲ್ಲಿ ಎಷ್ಟು ಎಳೆಯಬೇಕು, ಎಲ್ಲಿ ಮೇಳ ಎತ್ತಿಕೊಳ್ಳಬೇಕು ಎಂಬುದು ರೀಲಿನಲ್ಲಿತ್ತು, ಈಗ ಎಂಪಿ3ಯಲ್ಲಿದೆ. ನಾನು ಆ ಎಂಪಿ3ಯನ್ನು ಪ್ರಬಂಧದಲ್ಲಿ ಉಲ್ಲೇಖಿಸಿದಾಗ ನಮ್ಮ ಮಾರ್ಗದರ್ಶಕರು ಪೆನ್ನು ನಿಲ್ಲಿಸಿ, “ಆಕರ ಅಂತ ಏನು ಬರೀತಿರಿ?” ಎಂದರು. ‘ಅನಧಿಕೃತ ಪ್ರತಿ, ಮೊಬೈಲ್ ಅಂಗಡಿ, ಹಳ್ಳಿಖೇಡ (ಬಿ)’ ಎಂದು ಬರೆದಿದ್ದೇನೆ. ಮೌಖಿಕ ಪರೀಕ್ಷೆಯಲ್ಲಿ ಏನಾಗುತ್ತದೋ ನೋಡಬೇಕು.

ನಮ್ಮೂರಿನಿಂದ ಬಸವಕಲ್ಯಾಣ ಹೆಚ್ಚು ದೂರವಿಲ್ಲ. ಕಲ್ಯಾಣದಲ್ಲಿ ಹುಟ್ಟಿದ ವಚನಗಳು ನಮಗೆ ಸಿಕ್ಕಿರುವುದು ಪ್ರತಿಯ ಪ್ರತಿಯ ಪ್ರತಿಯಾಗಿ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ ಅಚ್ಚು ಹಾಕುವಾಗ ಅವರ ಕೈಯಲ್ಲಿದ್ದದ್ದು ಮಠ ಮನೆಗಳ ತಾಡೋಲೆ, ಯಾರೋ ಯಾರಿಂದಲೋ ನಕಲು ಮಾಡಿಟ್ಟದ್ದು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಹಿಂದಿ, ಉರ್ದು ಎನ್ನದೆ ಪದ ಕಟ್ಟಿದರು. ದತ್ತ ಜಯಂತಿಗೆ ಅಲ್ಲಿಗೆ ಹಾಡಲು ಬಂದವರೆಲ್ಲ ಆ ಪದಗಳನ್ನು ಒಯ್ದರು. ಒಯ್ಯುವುದಕ್ಕೇ ಅವು ಇದ್ದದ್ದು.

ಈ ಹೋಲಿಕೆಯಲ್ಲಿ ಒಂದು ತೂತಿದೆ, ಅದನ್ನು ಮುಚ್ಚಿಡಲಾರೆ. ತಾಡೋಲೆ ನಕಲು ಮಾಡಿದವನಿಂದ ಯಾರ ಹೊಟ್ಟೆಪಾಡೂ ಕೆಡಲಿಲ್ಲ. ಈಗ ಹಾಗಲ್ಲ. ನನ್ನ ಗೆಳೆಯನೊಬ್ಬ ಜಾನಪದ ಶೈಲಿಯ ಹಾಡು ಬರೆದು, ತಾನೇ ಹಾಡಿ, ಸಾಲ ಮಾಡಿ ಚಿತ್ರಿಸಿ ಬಿಡುತ್ತಾನೆ. ಟ್ರ್ಯಾಕ್ಟರಿನ ಡೆಕ್ಕುಗಳಲ್ಲಿ ಈಗ ಇವನಂಥವರ ಹಾಡುಗಳೇ. ಬಿಟ್ಟ ಮರುದಿನವೇ ಅದು ಹತ್ತು ಚಾನೆಲ್ಲುಗಳಲ್ಲಿ ‘ಡಿಜೆ ಮಿಕ್ಸ್’ ಆಗಿರುತ್ತದೆ. ನೋಟ ಅವರಿಗೆ, ದುಡ್ಡು ಅವರಿಗೆ. “ನಿಮ್ ಲೇಖನದಾಗ ಕಳ್ಳರ ಪರ ಬರದ್ರ ನಾ ನಿನ್ ಸಂಗಡ ಮಾತಾಡಂಗಿಲ್ಲ ನೋಡಲೇ” ಎಂದಿದ್ದಾನೆ. ಅವನ ಸಿಟ್ಟು ನ್ಯಾಯವಾದದ್ದು. ಮೊಬೈಲ್ ಅಂಗಡಿಯ ಹುಡುಗನೂ ಸಂತನಲ್ಲ. ಅವನ 20 ರೂಪಾಯಿಯಲ್ಲಿ ಮುತ್ಯಾನಿಗೆ ಒಂದು ಪೈಸೆಯೂ ಬರಲಿಲ್ಲ. ಪೈರಸಿಯೇ ಕ್ರಾಂತಿ ಎಂದು ಕುಣಿಯುವವರ ಜೊತೆ ನಾನಿಲ್ಲ.

ಆದರೆ ನನ್ನ ಗೆಳೆಯನಿಗೆ ಈ ದೊಡ್ಡ ವ್ಯವಸ್ಥೆ ಏನು ಕೊಟ್ಟಿದೆ? ಯೂಟ್ಯೂಬ್ 2007ರಲ್ಲಿ ತಂದ ಕಂಟೆಂಟ್ ಐಡಿ ಎಂಬ ಯಂತ್ರ ಹಾಡಿನ ಬೆರಳಚ್ಚು ಹಿಡಿದು ನಕಲನ್ನು ತಾನೇ ಪತ್ತೆ ಮಾಡುತ್ತದೆ. ಅದು ಸಿಗುವುದು ದೊಡ್ಡ ಪ್ರಮಾಣದ ಹಕ್ಕುಗಳನ್ನು ಹೊಂದಿದವರಿಗೆ. ಹತ್ತು ಹಾಡಿನ ಗೆಳೆಯನಿಗೆ ಇರುವುದು ಒಂದು ಅರ್ಜಿ ನಮೂನೆ. ಹತ್ತು ಚಾನೆಲ್ಲಿಗೆ ಹತ್ತು ಅರ್ಜಿ ತುಂಬುವಷ್ಟರಲ್ಲಿ ಹಾಡು ಹಳತಾಗಿರುತ್ತದೆ. ಸ್ಟ್ರೀಮಿಂಗ್ ಬಂದು ಎಲ್ಲರಿಗೂ ಪಾಲು ಸಿಗುತ್ತದೆ ಎನ್ನುವವರು ಸ್ಪಾಟಿಫೈ 2024ರಿಂದ ಜಾರಿಗೆ ತಂದ ನಿಯಮವನ್ನು ನೋಡಲಿ. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿಯೇ ಇಲ್ಲ. ಭಜನೆ ಪದವನ್ನು ವರ್ಷಕ್ಕೆ ಸಾವಿರ ಸಲ ಯಾರು ಕೇಳುತ್ತಾರೆ? ಶ್ರಾವಣದಲ್ಲಿ ನಮ್ಮ ಓಣಿ ಕೇಳುತ್ತದೆ, ಅದೂ ಒಂದೇ ಮೊಬೈಲಿನಿಂದ ನಲವತ್ತು ಜನ.

ಮೆಮೊರಿ ಕಾರ್ಡಿನ ಅಂಗಡಿ ಮುಚ್ಚಿದ್ದೂ ಕಾಯ್ದೆಯಿಂದಲ್ಲ, ಗೂಂಡಾ ಪಟ್ಟಿಯಿಂದಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು, 20 ರೂಪಾಯಿ ಕೊಟ್ಟು ಕಾರ್ಡ್ ತುಂಬಿಸುವ ದರ್ದು ಯಾರಿಗೂ ಉಳಿಯಲಿಲ್ಲ. ಹುಡುಗ ಅಂಗಡಿ ಬಿಟ್ಟು ಹೈದರಾಬಾದಿಗೆ ಹೋದ. ಹೋಗುವಾಗ ಕಂಪ್ಯೂಟರನ್ನು ಗುಜರಿಗೆ ಹಾಕಿದನಂತೆ. ಅದರೊಳಗೆ ಮೊಹರಂ ಪದದ ಫೋಲ್ಡರು, ಭಜನಿ ಪದದ ಫೋಲ್ಡರು, ಇನ್ನೇನೇನಿತ್ತೋ. ಯಾವ ವಿಶ್ವವಿದ್ಯಾಲಯದ ಬಳಿಯೂ ಇಲ್ಲದ ಒಂದು ಸಂಗ್ರಹ ಕಿಲೋ ಲೆಕ್ಕದಲ್ಲಿ ಹೋಯಿತು. ಈ ಮಾತು ನೆನೆದಾಗಲೆಲ್ಲ ನನಗೆ ಕಂಪನಿಗಳ ಮೇಲಿಗಿಂತ ನಮ್ಮ ವಿಶ್ವವಿದ್ಯಾಲಯಗಳ ಮೇಲೆ, ನನ್ನ ಮೇಲೆಯೇ ಹೆಚ್ಚು ಸಿಟ್ಟು ಬರುತ್ತದೆ. ಆಗ ನಾನು ಡಿಗ್ರಿಯಲ್ಲಿದ್ದೆ. ಒಂದು ಪೆನ್‌ಡ್ರೈವ್ ಒಯ್ಯಬಹುದಿತ್ತು.

ಏಕೆಂದರೆ ಉಳಿಸುವವರಿಗೆ ಕಾಯ್ದೆ ಪೂರ್ತಿ ಬಾಗಿಲು ಹಾಕಿಲ್ಲ. ಕಲಂ 52(1)(ಎ) ಸಂಶೋಧನೆಗಾಗಿ ಖಾಸಗಿ ಬಳಕೆಗೆ ಅವಕಾಶ ಕೊಡುತ್ತದೆ. 52(1)(ಎನ್) ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಕಾಪಿಡಲು ಡಿಜಿಟಲ್ ಮಾಡಿಕೊಳ್ಳಬಹುದು ಎನ್ನುತ್ತದೆ. ಹಕ್ಕುದಾರ ಕೃತಿಯನ್ನು ಜನರಿಂದ ತಡೆಹಿಡಿದರೆ ಕಲಂ 31ರ ಅಡಿ, ಹಕ್ಕುದಾರನೇ ಪತ್ತೆಯಿಲ್ಲದಿದ್ದರೆ 31ಎ ಅಡಿ ಕಡ್ಡಾಯ ಪರವಾನಗಿ ಕೇಳಬಹುದು. ಒಂದು ಭಜನೆ ಪದಕ್ಕಾಗಿ ಹಳ್ಳಿಖೇಡದಿಂದ ಯಾರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ? ನನಗೆ ಬರುವ ಫೆಲೋಶಿಪ್ಪು ವಕೀಲರ ಮೊದಲ ಭೇಟಿಗೂ ಸಾಲದು.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಒಡೆತನ ಹೇಳಿಕೊಂಡು ಬರುವವನು ಒಡೆತನ ತೋರಿಸಲಿ. ಮಾಸ್ಟರ್ ಟೇಪು ಅಥವಾ ಒಪ್ಪಂದದ ಕಾಗದ ಹಾಜರು ಮಾಡದೆ ಯಂತ್ರದ ಮೂಲಕ ಇನ್ನೊಬ್ಬರ ಹಾಡನ್ನು ಕೆಳಗಿಳಿಸುವ ಹಾಗಿರಬಾರದು. ಹತ್ತು ವರ್ಷ ಮಾರುಕಟ್ಟೆಯಲ್ಲಿಡದ ಧ್ವನಿಮುದ್ರಣವನ್ನು, ಲಾಭ ಮಾಡದೆ ಉಳಿಸುವವರು ಉಳಿಸಿಕೊಳ್ಳಲಿ. ಹಾಡಿದವರ ಹೆಸರಿಲ್ಲದೆ, ‘ವಿವಿಧ ಕಲಾವಿದರು’ ಎಂಬ ಚಾಪೆಯಡಿ ಆರು ಜನರನ್ನು ತೂರಿಸಿ ಏರಿಸಿದ ಹಾಡಿಗೆ ಕಾಯ್ದೆಯ ರಕ್ಷಣೆಯನ್ನೇ ಕೊಡಬಾರದು. 38ಬಿ ಕಲಮಿನಲ್ಲಿ ಹೆಸರಿನ ಹಕ್ಕನ್ನು 2012ರಲ್ಲೇ ಬರೆದಿಟ್ಟಾಯಿತು, ಕೇಳುವವರಿಲ್ಲ. ಇಷ್ಟಾದ ಮೇಲೆ ಕಂಪನಿಗಳು ನನ್ನ ಗೆಳೆಯನ ಹಾಡು ಕದ್ದವರನ್ನು ಹಿಡಿಯಲು ಬರಲಿ. ನಾನೂ ಸಾಕ್ಷಿ ಹೇಳುತ್ತೇನೆ.

ಹೋದ ಶ್ರಾವಣದಲ್ಲಿ ಊರಿಗೆ ಹೋದಾಗ ಪೇಟಿ ಮುತ್ಯಾನ ಮನೆಗೆ ಹೋಗಿದ್ದೆ. ಮೇಳದ ಆರು ಜನರಲ್ಲಿ ಈಗ ಉಳಿದಿರುವವರು ಅವರೊಬ್ಬರೇ, 80 ದಾಟಿದೆ. ಮೊಬೈಲಿನಲ್ಲಿ ‘ಭಜನಿ 47’ ಹಚ್ಚಿದೆ. ಮೂರನೇ ನುಡಿಯ ಆ ಜಾಗಕ್ಕೆ ಬಂದಾಗ ನಿಲ್ಲಿಸಿ, “ಮುತ್ಯಾ, ಇಲ್ಲಿ ಏನ್ ಬರ್ತದ?” ಎಂದು ಕೇಳಿದೆ. ನಡುವಿನಿಂದ ಹೇಳಲು ಅವರಿಗೆ ಬರಲಿಲ್ಲ. ಕಣ್ಣು ಮುಚ್ಚಿ ಪಲ್ಲವಿಯಿಂದ ಶುರುಮಾಡಿದರು, ತೊಡೆಯ ಮೇಲೆ ಬೆರಳುಗಳು ಪೇಟಿಯ ಮೇಲೆ ಆಡುವಂತೆ ಆಡುತ್ತಿದ್ದವು. ಎರಡು ನುಡಿ ದಾಟಿ ಮೂರನೆಯದಕ್ಕೆ ಬಂದರು. ಕಂಪನಿಯ ಪ್ರತಿಯಲ್ಲಿ ಇಲ್ಲದ, ಕಾರ್ಡಿನಲ್ಲೂ ಇಲ್ಲದ ಅರ್ಧ ಸಾಲು ಬಂತು, ಹೋಯಿತು. ನಾನು ಫೋನಿನ ರೆಕಾರ್ಡರ್ ಒತ್ತಿ ಇಟ್ಟಿದ್ದೆ. ಹಾಡು ಮುಗಿದ ಮೇಲೆ ಅವರು ಫೋನಿನ ಕೆಂಪು ಚುಕ್ಕೆಯನ್ನೇ ನೋಡುತ್ತ, “ಇದನ್ನೂ ಅವ್ರೇ ಒಯ್ತಾರೇನೋ ತಮ್ಮಾ?” ಎಂದರು.

ಅದನ್ನು ಇನ್ನೂ ಎಲ್ಲಿಯೂ ಏರಿಸಿಲ್ಲ.